ತಂತ್ರಾಂಶದ ಬೆಲೆ ಮತ್ತು ಪರವಾನಗಿ: ಮಹಾಸಭೆಗೆ ಮುನ್ನ ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಸಂಘದ ಹೊಸ ವೆಬ್‌ಸೈಟಿನ ವಿಷಯ ಆಡಳಿತ ಮಂಡಳಿಯ ಕಳೆದ ಸಭೆಯಲ್ಲಿ ಚರ್ಚೆಗೆ ಬಂದಾಗ ಹಿರಿಯ ನಿರ್ದೇಶಕರೊಬ್ಬರು ಒಂದು ಪ್ರಶ್ನೆ ಕೇಳಿದರು. "ಒಬ್ಬರು ಎರಡು ಲಕ್ಷ ನಲವತ್ತು ಸಾವಿರ ಕೇಳುತ್ತಾರೆ. ಇನ್ನೊಬ್ಬರು ನಲವತ್ತು ಸಾವಿರ ಕೊಟ್ಟರೆ ಶುರು ಮಾಡುತ್ತೇವೆ ಅನ್ನುತ್ತಾರೆ. ಮೂರನೆಯವರು ತಂತ್ರಾಂಶವೇ ಪುಕ್ಕಟೆ, ನಮ್ಮ ಕೂಲಿ ಮಾತ್ರ ಕೊಡಿ ಅನ್ನುತ್ತಾರೆ. ಮೂವರೂ ಮಾಡಿಕೊಡುವುದು ಒಂದೇ ಕೆಲಸ. ಇದೆಂಥ ವ್ಯಾಪಾರ, ಕಾರ್ಯದರ್ಶಿಗಳೇ?"

ಆ ಹೊತ್ತಿನಲ್ಲಿ ನಮ್ಮಲ್ಲಿ ನೇರವಾದ ಉತ್ತರವಿರಲಿಲ್ಲ. ಎರಡು ತಿಂಗಳು ವಿಚಾರಿಸಿ, ಓದಿ, ತಿಳಿದವರನ್ನು ಕೇಳಿ ಅರ್ಥಮಾಡಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಈ ಖರ್ಚಿಗೆ ಸದಸ್ಯರ ಒಪ್ಪಿಗೆ ಬೇಕಾಗಿದೆ. ಒಪ್ಪಿಗೆ ಕೊಡುವವರಿಗೆ ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ಹಿಂದೆ ಆದದ್ದು

ಮೊದಲು ನಮ್ಮ ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. 2014ರಲ್ಲಿ ಸಂಘವು ತನಗೆಂದೇ ಒಂದು ವೆಬ್‌ಸೈಟ್ ಮಾಡಿಸಿತ್ತು. ಯಶವಂತಪುರದ ನಮ್ಮ ಮಾರಾಟ ಮಳಿಗೆಯ ಗುಮಾಸ್ತರು ದಿನವೂ ಅದರಲ್ಲಿ ಕಾಫಿ, ಅಡಿಕೆ, ಮೆಣಸಿನ ಧಾರಣೆಯನ್ನು ತುಂಬುತ್ತಿದ್ದರು. ಈ ಪತ್ರಿಕೆಯ ಸಂಚಿಕೆಗಳೂ, ಮಹಾಸಭೆಯ ನಿರ್ಣಯಗಳೂ ಅದರಲ್ಲೇ ಇರುತ್ತಿದ್ದವು. ಮಾಡಿಕೊಟ್ಟವರು ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯವರು. ಕೆಲಸ ಚೆನ್ನಾಗಿಯೇ ಮಾಡಿದ್ದರು. 2021ರಲ್ಲಿ ಅವರು ವ್ಯವಹಾರ ಮುಚ್ಚಿದರು. ಕೆಲವು ತಿಂಗಳಲ್ಲಿ ವೆಬ್‌ಸೈಟ್ ತೆರೆಯುವುದು ನಿಂತಿತು. ಆಗ ಕಡತ ತೆಗೆದು ನೋಡಿದರೆ ನಮ್ಮಲ್ಲಿದ್ದದ್ದು ಒಂದು ಪುಟದ ದರಪಟ್ಟಿ ಮತ್ತು ಹಣ ಪಾವತಿಯ ರಸೀದಿಗಳು, ಅಷ್ಟೇ. ವೆಬ್‌ಸೈಟಿನ ವಿಳಾಸ ಅವರ ಹೆಸರಿನಲ್ಲಿ ನೋಂದಣಿಯಾಗಿತ್ತು. ಸರ್ವರಿನ ಬಾಡಿಗೆ ಅವರ ಖಾತೆಯಿಂದ ಹೋಗುತ್ತಿತ್ತು. ತಂತ್ರಾಂಶದ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದವರ ಮೂಲ ಬರಹ, ನಮ್ಮ ಕೈಗೆ ಯಾವತ್ತೂ ಬಂದಿರಲಿಲ್ಲ. ಕೇಳಬೇಕೆಂಬುದೇ ನಮಗೆ ತಿಳಿದಿರಲಿಲ್ಲ.

ಏಳು ವರ್ಷದ ಧಾರಣೆ ಪಟ್ಟಿ ಹೀಗೆ ಹೋಯಿತು. ಹೋದದ್ದರ ಬೆಲೆ ತಿಳಿದದ್ದು ಮರುವರ್ಷ. ಸದಸ್ಯರೊಬ್ಬರು ತೀರಿಕೊಂಡ ಮೇಲೆ ಮನೆಯಲ್ಲಿ ಲೆಕ್ಕದ ತಕರಾರು ಬಂತು. 2017ರ ಏಪ್ರಿಲಿನಲ್ಲಿ ರೋಬಸ್ಟಾ ಚೆರಿಗೆ ಏನು ಧಾರಣೆ ಇತ್ತು ಎಂಬುದಕ್ಕೆ ಸಂಘದ ದಾಖಲೆ ಬೇಕೆಂದು ಅವರ ಪತ್ನಿ ಕಛೇರಿಗೆ ಬಂದರು. ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ. ಯಶವಂತಪುರದ ಗುಮಾಸ್ತರು ತಮ್ಮ ಸಮಾಧಾನಕ್ಕೆಂದು ದಿನವೂ ಕೈಬರಹದಲ್ಲಿ ಒಂದು ಪುಸ್ತಕ ಬರೆದಿಟ್ಟಿದ್ದರು. ಅದು ಸಿಕ್ಕಿದ್ದರಿಂದ ಆ ತಾಯಿಯ ಕೆಲಸ ಆಯಿತು, ಸಂಘದ ಮಾನವೂ ಉಳಿಯಿತು. ಆ ಪುಸ್ತಕ ಇಲ್ಲದಿದ್ದರೆ ಏನು ಹೇಳಬೇಕಿತ್ತೋ ನಮಗೆ ಇಂದಿಗೂ ತಿಳಿಯದು.

ಮೂರು ಬಗೆಯ ಮಾರಾಟ

ಈ ಬಾರಿ ದುಡುಕಬಾರದೆಂದು ನಾವೇ ಹೋಗಿ ವಿಚಾರಿಸಿದೆವು. ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಗೊರಗುಂಟೆಪಾಳ್ಯದಲ್ಲಿ ಇಳಿದು, ಯಶವಂತಪುರದ ಮಳಿಗೆಯಲ್ಲಿ ಮುಖ ತೊಳೆದು, ಎರಡು ದಿನ ಉತ್ತರ ಬೆಂಗಳೂರನ್ನು ಸುತ್ತಿದೆವು. ನಾವು ಜಿ.ಕೆ.ವಿ.ಕೆ.ಯಲ್ಲಿ ಓದುತ್ತಿದ್ದಾಗ ಹೆಬ್ಬಾಳದಲ್ಲಿ ಮೇಲ್ಸೇತುವೆಯೂ ಇರಲಿಲ್ಲ, ಇಷ್ಟು ವಾಹನಗಳೂ ಇರಲಿಲ್ಲ. ಈಗ ಅಲ್ಲಿ ನಿಂತು ಯಾವ ಕಡೆ ಕೈಮಾಡಿ ತೋರಿಸಿದರೂ ಒಂದು ಸಾಫ್ಟ್‌ವೇರ್ ಕಛೇರಿ ಸಿಗುತ್ತದೆ.

ನಮಗೆ ಬೇಕಾದದ್ದು ವಿಷಯ ನಿರ್ವಹಣಾ ತಂತ್ರಾಂಶ. ಪ್ರೋಗ್ರಾಂ ಬರೆಯಲು ಬಾರದ ಗುಮಾಸ್ತರೂ ಧಾರಣೆ, ಸೂಚನೆ, ಲೇಖನ, ಚಿತ್ರಗಳನ್ನು ತುಂಬಿ, ತಿದ್ದಿ, ಪ್ರಕಟಿಸಿ, ಹಳೆಯದನ್ನು ಹುಡುಕಿ ತೆಗೆಯಲು ಅನುಕೂಲ ಮಾಡಿಕೊಡುವ ವ್ಯವಸ್ಥೆ ಎಂದು ತಿಳಿದರೆ ಸಾಕು. ಇದು ಮಾರುಕಟ್ಟೆಯಲ್ಲಿ ಮೂರು ಬಗೆಯಲ್ಲಿ ಸಿಗುತ್ತದೆ.

ಮೊದಲನೆಯದು ಹೇಳಿ ಮಾಡಿಸುವುದು. ಆರ್.ಟಿ. ನಗರದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಆರು ಜನ ಕೆಲಸ ಮಾಡುವ ಸಂಸ್ಥೆಗೆ ಹೋದೆವು. ಕಾಫಿಯ ಧಾರಣೆ 50 ಕಿಲೋ ಮೂಟೆಗೆ, ಅಡಿಕೆಯದು ಕ್ವಿಂಟಾಲಿಗೆ. ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ಎಂದು ಎರಡು ಅಂಕಿ ಬೇಕು ಎಂದು ವಿವರಿಸಿದೆವು. ಅವರು ಬರೆದುಕೊಂಡರು. ಅಂಗಿ ಹೊಲಿಸಿದ ಹಾಗೆ ನಮ್ಮ ಅಳತೆಗೆ ಮಾಡಿಕೊಡುತ್ತಾರೆ. ಬೆಲೆ 2,40,000 ರೂಪಾಯಿ, ಎರಡನೆಯ ವರ್ಷದಿಂದ ನಿರ್ವಹಣೆಗೆ ಅದರ ಶೇ. 20.

ಎರಡನೆಯದು ಸಿದ್ಧ ವಾಣಿಜ್ಯ ತಂತ್ರಾಂಶ. ಹೆಬ್ಬಾಳದ ಆಚೆ ಗಾಜಿನ ಕಟ್ಟಡವೊಂದರಲ್ಲಿ ಅದರ ಮಾರಾಟಗಾರರು ಕುಳಿತಿದ್ದಾರೆ. ಇಲ್ಲಿ ತಂತ್ರಾಂಶ ಆಗಲೇ ಸಿದ್ಧವಿದೆ, ಬಳಸುವವರ ತಲೆ ಎಣಿಸಿ ತಿಂಗಳ ಬಾಡಿಗೆ. ಜೋಡಿಸಿಕೊಡಲು 40,000 ರೂಪಾಯಿ, ಆಮೇಲೆ ಒಬ್ಬ ಬಳಕೆದಾರನಿಗೆ ತಿಂಗಳಿಗೆ 1,500. ನಮಗೆ ಐದು ಜನಕ್ಕೆ ಬೇಕು. ಸರ್ವರಿನ ಚಿಂತೆಯೂ ದುರಸ್ತಿಯ ಚಿಂತೆಯೂ ಅವರದು.

ಮೂರನೆಯದು ಮುಕ್ತ ತಂತ್ರಾಂಶ. ಯಲಹಂಕದಲ್ಲಿ ನಮ್ಮ ಕಡೆಯ ಬೆಳೆಗಾರರೊಬ್ಬರ ಮಗ ಮನೆಯಲ್ಲೇ ಕುಳಿತು ಈ ಕೆಲಸ ಮಾಡುತ್ತಾನೆ. ಅವನು ಬಳಸುವುದು 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು. ಜಗತ್ತಿನ ವೆಬ್‌ಸೈಟುಗಳಲ್ಲಿ ಹತ್ತಕ್ಕೆ ನಾಲ್ಕು ಇದರ ಮೇಲೇ ನಡೆಯುತ್ತವೆ. ದ್ರುಪಲ್, ಜೂಮ್ಲಾ ಎಂಬ ಬೇರೆ ಮುಕ್ತ ತಂತ್ರಾಂಶಗಳೂ ಇವೆ. ತಂತ್ರಾಂಶಕ್ಕೆ ದುಡ್ಡಿಲ್ಲ. ಜೋಡಿಸಿ ನಮ್ಮ ಪಟ್ಟಿಗಳನ್ನು ಮಾಡಿಕೊಡಲು 75,000, ಆಮೇಲೆ ನೋಡಿಕೊಳ್ಳಲು ತಿಂಗಳಿಗೆ 3,000 ರೂಪಾಯಿ.

ಐದು ವರ್ಷದ ಲೆಕ್ಕ

ತೋಟದವರು ಗಿಡ ನೆಟ್ಟ ವರ್ಷದ ಖರ್ಚನ್ನಷ್ಟೇ ನೋಡಿ ಲೆಕ್ಕ ಮುಗಿಸುವುದಿಲ್ಲ. ಹಾಗೆಯೇ ಈ ಮೂರನ್ನೂ ಐದು ವರ್ಷಕ್ಕೆ ಹಾಕಿ ನೋಡಿದೆವು. ಇವು ನಮ್ಮ ಕೈಗೆ ಬಂದ ದರಪಟ್ಟಿಗಳು ಮಾತ್ರ. ಬೇರೆಯವರಿಗೆ ಬೇರೆ ದರ ಬರಬಹುದು. ಲೆಕ್ಕ ಹಾಕುವ ಕ್ರಮವನ್ನು ಸದಸ್ಯರು ಗಮನಿಸಬೇಕು.

ಹೇಳಿ ಮಾಡಿಸಿದರೆ: ತಯಾರಿಕೆ 2,40,000. ನಿರ್ವಹಣೆ ವರ್ಷಕ್ಕೆ 48,000ದಂತೆ ನಾಲ್ಕು ವರ್ಷಕ್ಕೆ 1,92,000. ಸರ್ವರ್ ಮತ್ತು ವಿಳಾಸದ ಬಾಡಿಗೆ ವರ್ಷಕ್ಕೆ 12,000ದಂತೆ 60,000. ಒಟ್ಟು 4,92,000.

ಸಿದ್ಧ ತಂತ್ರಾಂಶವಾದರೆ: ಜೋಡಣೆ 40,000. ಬಾಡಿಗೆ ಮೊದಲ ವರ್ಷ 90,000. ದರಪಟ್ಟಿಯ ಕೊನೆಯ ಸಾಲಿನಲ್ಲಿ, ಪ್ರತಿ ನವೀಕರಣಕ್ಕೆ ಶೇ. 10ರವರೆಗೆ ಹೆಚ್ಚಿಸಬಹುದು ಎಂದಿದೆ. ಹಾಗೆ ಹೆಚ್ಚಿಸುತ್ತ ಹೋದರೆ ಐದನೆಯ ವರ್ಷ 1,31,769. ಐದು ವರ್ಷದ ಬಾಡಿಗೆ 5,49,459. ಜೋಡಣೆ ಸೇರಿ ಒಟ್ಟು 5,89,459.

ಮುಕ್ತ ತಂತ್ರಾಂಶವಾದರೆ: ಜೋಡಣೆ 75,000. ನೋಡಿಕೊಳ್ಳುವುದಕ್ಕೆ ಐದು ವರ್ಷಕ್ಕೆ 1,80,000. ಸರ್ವರ್ ಮತ್ತು ವಿಳಾಸ 60,000. ಒಟ್ಟು 3,15,000.

ಇವುಗಳ ಮೇಲೆ ಶೇ. 18 ಜಿ.ಎಸ್.ಟಿ. ಬರುತ್ತದೆ. ಮಾರಾಟಗಾರನ ವಹಿವಾಟು ನೋಂದಣಿ ಮಿತಿಗಿಂತ ಕಡಿಮೆಯಿದ್ದರೆ ಅವನ ಕೂಲಿಯ ಮೇಲೆ ಬರುವುದಿಲ್ಲ. ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದಲ್ಲ ಎಂದು ಕೆಲವರು ಕೇಳಬಹುದು. ಸಂಘದ ವಹಿವಾಟಿನಲ್ಲಿ ತೆರಿಗೆ ವಿನಾಯಿತಿ ಇರುವ ಪಾಲಿಗೆ ಆ ಅನುಕೂಲ ಸಿಗುವುದಿಲ್ಲ. ಹುರಿಯದ ಕಾಫಿ ಬೀಜಕ್ಕೆ ತೆರಿಗೆ ಇಲ್ಲವಾದ್ದರಿಂದ ನಮ್ಮಂಥ ಸಂಘಗಳು ತೆರಿಗೆಯ ಒಂದು ಭಾಗವನ್ನು ಖರ್ಚೆಂದೇ ಹಿಡಿಯಬೇಕು.

ಮೊದಲ ದಿನ ಎಲ್ಲಕ್ಕಿಂತ ಅಗ್ಗವಾಗಿ ಕಂಡದ್ದು ಐದು ವರ್ಷದ ಕೊನೆಗೆ ಎಲ್ಲಕ್ಕಿಂತ ದುಬಾರಿಯಾಯಿತು. ಅಷ್ಟಕ್ಕೇ ಅದನ್ನು ತಳ್ಳಿಹಾಕುವುದು ಸರಿಯಲ್ಲ. ಕಛೇರಿಯಲ್ಲಿ ಕಂಪ್ಯೂಟರ್ ಬಲ್ಲವರು ಒಬ್ಬರೂ ಇಲ್ಲದ ಸಂಘಕ್ಕೆ, ದುರಸ್ತಿಯ ಹೊಣೆ ಪೂರ್ತಿ ಇನ್ನೊಬ್ಬರ ಮೇಲಿರುವುದು ದೊಡ್ಡ ಅನುಕೂಲ. ಆದರೆ ಐದು ವರ್ಷ ಮುಗಿದ ಮರುದಿನ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಲೇಬೇಕು. ಅದು ಬೆಲೆಯಿಂದ ತಿಳಿಯುವುದಿಲ್ಲ, ಪರವಾನಗಿಯಿಂದ ತಿಳಿಯುತ್ತದೆ.

ಪರವಾನಗಿ ಎಂದರೇನು

ಅಡಿಕೆ ತೋಟವನ್ನು ಚೇಣಿಗೆ ಕೊಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದೆ. ಚೇಣಿದಾರ ಆ ವರ್ಷದ ಫಸಲನ್ನು ಕೊಯ್ದುಕೊಳ್ಳುತ್ತಾನೆ. ಮರ ಅವನದಾಗುವುದಿಲ್ಲ, ನೆಲವಂತೂ ಆಗುವುದೇ ಇಲ್ಲ. ಮಾತಾಡಿಕೊಂಡದ್ದಕ್ಕಿಂತ ಹೆಚ್ಚಿನ ಹಕ್ಕು ಅವನಿಗಿಲ್ಲ. ತಂತ್ರಾಂಶದ ಪರವಾನಗಿ ಹೆಚ್ಚು ಕಡಿಮೆ ಇದೇ ರೀತಿಯದು. ನಾವು ಹಣ ಕೊಟ್ಟು ಪಡೆಯುವುದು ಬಳಸುವ ಅನುಮತಿಯನ್ನು. ಎಷ್ಟು ಜನ ಬಳಸಬಹುದು, ಎಷ್ಟು ಕಾಲ, ಎಷ್ಟು ಯಂತ್ರಗಳಲ್ಲಿ, ತಿದ್ದಬಹುದೇ, ಇನ್ನೊಬ್ಬರಿಂದ ತಿದ್ದಿಸಬಹುದೇ ಎಂಬುದನ್ನೆಲ್ಲ ಆ ಅನುಮತಿ ಪತ್ರ ಹೇಳುತ್ತದೆ.

ಈ ವ್ಯತ್ಯಾಸ ನಮ್ಮ ನ್ಯಾಯಾಲಯಗಳಲ್ಲೂ ಬಹಳ ಚರ್ಚೆಯಾಗಿದೆ. ಹೊರದೇಶದಿಂದ ಕೊಂಡ ಸಿದ್ಧ ತಂತ್ರಾಂಶಕ್ಕೆ ಕೊಟ್ಟ ಹಣ, ಹಕ್ಕುಸ್ವಾಮ್ಯಕ್ಕೆ ಕೊಟ್ಟ ರಾಯಧನ ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ ಬೇರೆ ತೀರ್ಮಾನ ಕೊಟ್ಟಿತು. ಬಳಸುವುದಕ್ಕಷ್ಟೇ ಅನುಮತಿ ಪಡೆದವನಿಗೆ ಹಕ್ಕುಸ್ವಾಮ್ಯದ ಯಾವ ಭಾಗವೂ ವರ್ಗವಾಗುವುದಿಲ್ಲ, ಆದ್ದರಿಂದ ಆ ಹಣ ರಾಯಧನವಲ್ಲ ಎಂದಿತು. ಆ ಮೊಕದ್ದಮೆ ಆದಾಯ ತೆರಿಗೆಯದು. ಅದರಿಂದ ನಾವು ಕಲಿಯಬೇಕಾದ್ದು ಇಷ್ಟು: ಸಿದ್ಧ ತಂತ್ರಾಂಶ ಕೊಂಡವನು ಅದರ ಒಡೆಯನಾಗುವುದಿಲ್ಲ.

ಹೇಳಿ ಮಾಡಿಸಿದ್ದು ನಮ್ಮದೇ?

ಹಾಗಾದರೆ ಹಣ ಕೊಟ್ಟು ಹೇಳಿ ಮಾಡಿಸಿದ ತಂತ್ರಾಂಶವಾದರೂ ನಮ್ಮದಲ್ಲವೇ? ನಾವು 2014ರಲ್ಲಿ ಎಡವಿದ್ದು ಇಲ್ಲೇ.

1957ರ ಹಕ್ಕುಸ್ವಾಮ್ಯ ಅಧಿನಿಯಮವು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಎಂದು ಪರಿಗಣಿಸುತ್ತದೆ. ಕಾದಂಬರಿಗೂ ಪ್ರೋಗ್ರಾಮಿಗೂ ಕಾನೂನಿನ ಕಣ್ಣಿನಲ್ಲಿ ಒಂದೇ ಸ್ಥಾನ. 17ನೆಯ ಪ್ರಕರಣದ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ಇದಕ್ಕೆ ಕೆಲವು ಅಪವಾದಗಳಿವೆ. ಹಣ ಕೊಟ್ಟು ಫೋಟೋ ತೆಗೆಸಿದರೆ ಅಥವಾ ಭಾವಚಿತ್ರ ಬರೆಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅದರ ಹಕ್ಕು ತೆಗೆಸಿದವರದು. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದರೆ ಹಕ್ಕು ಮಾಲಿಕನದು. ಆದರೆ ಹೊರಗಿನ ಗುತ್ತಿಗೆದಾರನಿಂದ ಬರೆಸಿದ ಪ್ರೋಗ್ರಾಂ ಈ ಅಪವಾದಗಳಲ್ಲಿ ಬರುವುದಿಲ್ಲ. ಮಗಳ ಮದುವೆಯ ಫೋಟೋ ನಮ್ಮದಾಗುತ್ತದೆ. ಅದೇ ಫೋಟೋವನ್ನು ತೋರಿಸುವ ತಂತ್ರಾಂಶ, ನಾವು ಲಕ್ಷಗಟ್ಟಲೆ ಕೊಟ್ಟಿದ್ದರೂ, ಬರೆದವನದಾಗಿಯೇ ಉಳಿಯುತ್ತದೆ.

ಅದು ನಮ್ಮದಾಗಬೇಕಾದರೆ 19ನೆಯ ಪ್ರಕರಣದಂತೆ ಲಿಖಿತ ವರ್ಗಾವಣೆ ಪತ್ರವಾಗಬೇಕು. ಅದಕ್ಕೆ ಬರೆದವನ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕುಗಳು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ, ಎಷ್ಟು ಹಣಕ್ಕೆ ಎಂಬುದು ಅದರಲ್ಲಿರಬೇಕು. ಅವಧಿಯನ್ನು ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷವೆಂದೇ ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ವರ್ಗವಾದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ರೀತಿ ಬರೆದಿರದ ಹೊರತು, ಅದು ಮುಗಿದುಹೋಗುತ್ತದೆ. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ.

ಆರ್.ಟಿ. ನಗರದ ಸಂಸ್ಥೆಯವರಿಗೆ ಇದನ್ನು ಹೇಳಿದಾಗ ಅವರ ಉತ್ತರವೂ ನ್ಯಾಯವಾಗಿತ್ತು. "ಸಾರ್, ಎಲ್ಲವನ್ನೂ ನಿಮ್ಮ ಹೆಸರಿಗೆ ಬರೆದುಕೊಟ್ಟರೆ ನಾಳೆ ಇನ್ನೊಬ್ಬರ ಕೆಲಸದಲ್ಲಿ ಅದೇ ಭಾಗ ನಾನು ಬಳಸುವ ಹಾಗಿಲ್ಲ. ಹತ್ತು ವರ್ಷದಿಂದ ಕೂಡಿಸಿದ ಸಾಮಾನು ಅದು. ಹಾಗೆ ಬೇಕು ಅಂದರೆ ರೇಟು ಬೇರೆ ಆಗುತ್ತೆ" ಎಂದರು. ಮೇಸ್ತ್ರಿ ಮನೆ ಕಟ್ಟಿದ ಮೇಲೆ ತನ್ನ ಕರಣೆ, ಗುಂಡುಗಳನ್ನೂ ನಮಗೇ ಬಿಟ್ಟುಹೋಗಬೇಕೆಂದು ನಾವು ಕೇಳುವುದಿಲ್ಲವಲ್ಲ.

ಮಾತಾಡಿದಾಗ ಒಂದು ನಡುದಾರಿ ಹೊರಟಿತು. ಹಕ್ಕುಸ್ವಾಮ್ಯ ಅವರಲ್ಲೇ ಇರಲಿ. ನಮಗೆ ಸೋರ್ಸ್ ಕೋಡಿನ ಪೂರ್ತಿ ಪ್ರತಿ ಕೊಡಬೇಕು. ಅದನ್ನು ಕಾಲಮಿತಿಯಿಲ್ಲದೆ ಬಳಸಲು, ತಿದ್ದಲು, ಬೇರೆಯವರಿಂದ ತಿದ್ದಿಸಲು ಲಿಖಿತ ಅನುಮತಿ ಕೊಡಬೇಕು. ಹಕ್ಕುಸ್ವಾಮ್ಯ ಅವರಲ್ಲೇ ಉಳಿಯುವ ಈ ಅನುಮತಿಗೆ ಅವರು ಹೆಚ್ಚು ಹಣ ಕೇಳಲಿಲ್ಲ. ನಮ್ಮಂಥ ಸಂಘಕ್ಕೆ ಬೇಕಾದದ್ದೂ ಇಷ್ಟೇ. ನಾವು ತಂತ್ರಾಂಶ ಮಾರಲು ಹೊರಟವರಲ್ಲ; ಮಾಡಿದವರು ಬಾಗಿಲು ಹಾಕಿದರೆ ನಮ್ಮ ಕೆಲಸ ನಿಲ್ಲಬಾರದು.

ಉಚಿತ ಬೇರೆ, ಮುಕ್ತ ಬೇರೆ

ಪುಕ್ಕಟೆ ತಂತ್ರಾಂಶ ಎಂದರೆ ನಮ್ಮಲ್ಲಿ ಅನುಮಾನದಿಂದ ನೋಡುವುದುಂಟು. ಇಲ್ಲಿ ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು. ಉಚಿತ ಎಂದರೆ ಹಣವಿಲ್ಲದೆ ಸಿಗುವುದು. ಮುಕ್ತ ಎಂದರೆ ಬಳಸಲು, ಒಳಗೆ ನೋಡಲು, ತಿದ್ದಲು, ಹಂಚಲು ಹಕ್ಕಿರುವುದು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬರಹ ತಂತ್ರಾಂಶ. 1998ರಲ್ಲಿ ಅದು ಉಚಿತವಾಗಿ ಬಂತು, ಸಾವಿರಾರು ಜನ ಅದರಲ್ಲೇ ಕನ್ನಡ ಟೈಪು ಮಾಡಲು ಕಲಿತರು. ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಅದು ಮಾಡಿದವರ ಹಕ್ಕು, ಅದರಲ್ಲಿ ತಪ್ಪಿಲ್ಲ. ಉಚಿತವಾಗಿ ಸಿಕ್ಕಿದ್ದು ಎಂದೆಂದಿಗೂ ಉಚಿತವಾಗಿರಬೇಕೆಂಬ ನಿಯಮವಿಲ್ಲ ಎಂದು ತೋರಿಸಲು ಹೇಳಿದೆವು.

ವರ್ಡ್‌ಪ್ರೆಸ್ಸಿನ ಪರವಾನಗಿ ಜಿ.ಪಿ.ಎಲ್. ಎಂಬ ಬಗೆಯದು. ಇದರ ಮೊದಲ ಆವೃತ್ತಿ 1989ರಲ್ಲಿ ಬಂತು. ಇದರಡಿ ಬಂದ ಪ್ರತಿಯನ್ನು ಬಳಸುವ ಹಕ್ಕನ್ನು, ಷರತ್ತು ಮುರಿಯದ ತನಕ, ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ತಿದ್ದಿ ಇನ್ನೊಬ್ಬರಿಗೆ ಕೊಡುವವರು ಸೋರ್ಸ್ ಕೋಡಿನ ಸಹಿತ ಅದೇ ಹಕ್ಕುಗಳನ್ನು ಅವರಿಗೂ ಕೊಡಬೇಕು. ಯಲಹಂಕದ ಹುಡುಗ ನಾಳೆ ಕೆನಡಾಕ್ಕೆ ಹೋದರೆ, ಅದೇ ಕೆಲಸ ಬಲ್ಲ ಇನ್ನೊಬ್ಬರನ್ನು ಚಿಕ್ಕಮಗಳೂರಿನಲ್ಲೋ ಶಿವಮೊಗ್ಗದಲ್ಲೋ ಹುಡುಕಬಹುದು. ಸರಕಾರವೂ ಇದನ್ನು ಮನಗಂಡಿದೆ. ಸರಕಾರಿ ಕೆಲಸಗಳಿಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರವು 2015ರಲ್ಲಿ ಪ್ರಕಟಿಸಿತು.

ಇದರಲ್ಲಿ ತೊಂದರೆಯೇ ಇಲ್ಲವೆಂದಲ್ಲ. ಎಲ್ಲರೂ ಬಳಸುವ ಬೀಗದ ಕೀಲಿಯನ್ನು ಕಳ್ಳರೂ ಅಭ್ಯಾಸ ಮಾಡಿರುತ್ತಾರೆ. ತಿಂಗಳು ತಿಂಗಳು ಹೊಸ ಆವೃತ್ತಿಗೆ ಏರಿಸದೆ ಬಿಟ್ಟರೆ ವೆಬ್‌ಸೈಟಿನೊಳಕ್ಕೆ ಅನ್ಯರು ನುಗ್ಗುತ್ತಾರೆ. ಜೊತೆಗೆ ಸೇರಿಸುವ ಕೆಲವು ಬಿಡಿಭಾಗಗಳಿಗೆ ಪ್ರತಿ ವರ್ಷ ಹಣ ಕಟ್ಟಬೇಕಾಗುತ್ತದೆ. ತಿಂಗಳ 3,000 ರೂಪಾಯಿ ಈ ಕಾವಲಿಗೆ ಕೊಡುವ ಹಣ. ಅದನ್ನು ಉಳಿಸಲು ಹೋದರೆ ಬೇಲಿಯಿಲ್ಲದ ತೋಟದ ಗತಿಯೇ.

ಕನ್ನಡದ ಅಕ್ಷರ

ಬೆಲೆ, ಪರವಾನಗಿಗಳಾಚೆ ನಮಗೆ ಇನ್ನೊಂದು ತೊಡಕಿದೆ. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಸಿದ್ದೆವು. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ತೆರೆದರೆ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯುನಿಕೋಡ್ ಎಂಬ ಜಾಗತಿಕ ಕ್ರಮದಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ 1991ರಿಂದಲೇ ಇದೆ. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಸಾಧನಗಳೂ ಉಚಿತವಾಗಿ ಸಿಗುತ್ತವೆ. ಆದರೆ ಬದಲಿಸಿದ ಮೇಲೆ ಒಬ್ಬರು ಕುಳಿತು ಓದಿ ತಿದ್ದಲೇಬೇಕು. ಒತ್ತಕ್ಷರಗಳಲ್ಲಿ ತಪ್ಪುಗಳು ಉಳಿಯುತ್ತವೆ.

ಈ ಕೆಲಸದ ಖರ್ಚನ್ನು ಮೂರು ದರಪಟ್ಟಿಗಳಲ್ಲಿ ಒಂದೂ ತೋರಿಸಿರಲಿಲ್ಲ. ಕೇಳಿದ ಮೇಲೆ ಮೂವರೂ ಬೇರೆ ಹಣ ಎಂದರು. ನಾವು ಮೂವರ ಮುಂದೆಯೂ ಒಂದು ಚಿಕ್ಕ ಪರೀಕ್ಷೆ ಇಟ್ಟೆವು. ಪತ್ರಿಕೆಯ ಒಂದು ಪುಟವನ್ನು ಅವರ ತಂತ್ರಾಂಶಕ್ಕೆ ಹಾಕಿಸಿ, "ಕಾರ್ಯದರ್ಶಿ" ಎಂಬ ಪದವನ್ನು ಹುಡುಕಿ ಎಂದೆವು. ಒಬ್ಬರಲ್ಲಿ ಪದ ಕಣ್ಣಿಗೆ ಕಾಣುತ್ತಿದ್ದರೂ ಹುಡುಕಿದರೆ ಸಿಗಲಿಲ್ಲ. ಹುಡುಕಿದರೆ ಸಿಗದ ದಾಖಲೆ ಇದ್ದೂ ಇಲ್ಲದ ಹಾಗೆ.

ಒಪ್ಪಂದದಲ್ಲಿ ಬರೆಸಬೇಕಾದ ಅಂಶಗಳು

ಯಾರಿಂದ ಮಾಡಿಸಿದರೂ ಈ ಕೆಳಗಿನವು ಬರೆಹದಲ್ಲಿರಬೇಕೆಂದು ಆಡಳಿತ ಮಂಡಳಿ ನಿರ್ಧರಿಸಿದೆ. ಸ್ವಂತ ಕಾಫಿ ಪುಡಿ ವ್ಯಾಪಾರಕ್ಕೋ ಹೋಂ ಸ್ಟೇಗೋ ವೆಬ್‌ಸೈಟ್ ಮಾಡಿಸುವ ಸದಸ್ಯರಿಗೂ ಇವು ಉಪಯೋಗಕ್ಕೆ ಬಂದಾವು.

1. ವೆಬ್‌ಸೈಟಿನ ವಿಳಾಸವೂ ಸರ್ವರಿನ ಖಾತೆಯೂ ಸಂಘದ ಹೆಸರಿನಲ್ಲಿರಬೇಕು. ನವೀಕರಣದ ಹಣ ಸಂಘದ ಬ್ಯಾಂಕ್ ಖಾತೆಯಿಂದಲೇ ಹೋಗಬೇಕು.

2. ನಮ್ಮ ಧಾರಣೆ ಪಟ್ಟಿ, ಲೇಖನ, ಚಿತ್ರಗಳು ಸಂಘದವು ಎಂದು ಸ್ಪಷ್ಟವಾಗಿ ಬರೆದಿರಬೇಕು. ಪ್ರತಿ ತಿಂಗಳೂ ಅವುಗಳ ಪೂರ್ತಿ ಪ್ರತಿ, ಬೇರೆ ತಂತ್ರಾಂಶದಲ್ಲೂ ತೆರೆಯಬಹುದಾದ ರೂಪದಲ್ಲಿ, ಯಶವಂತಪುರದ ಮಳಿಗೆಗೂ ಕೇಂದ್ರ ಕಛೇರಿಗೂ ಬರಬೇಕು.

3. ಹೇಳಿ ಮಾಡಿಸಿದ ಭಾಗಕ್ಕೆ ಹಕ್ಕುಸ್ವಾಮ್ಯದ ವರ್ಗಾವಣೆ ಅಥವಾ ಕಾಲಮಿತಿಯಿಲ್ಲದ ಬಳಕೆಯ ಮತ್ತು ತಿದ್ದುವ ಅನುಮತಿ, ಎರಡರಲ್ಲಿ ಒಂದು ಇರಲೇಬೇಕು. ವರ್ಗಾವಣೆಯಾದರೆ ಅವಧಿ, ಪ್ರದೇಶಗಳನ್ನು ಬಿಡದೆ ಬರೆಯಬೇಕು.

4. ಕೊನೆಯ ಕಂತನ್ನು ಸೋರ್ಸ್ ಕೋಡ್ ಕೈಗೆ ಬಂದು, ಬೇರೊಬ್ಬರು ಅದನ್ನು ಇನ್ನೊಂದು ಯಂತ್ರದಲ್ಲಿ ನಡೆಸಿ ತೋರಿಸಿದ ನಂತರವೇ ಕೊಡಬೇಕು.

5. ಒಳಗೆ ಸೇರಿಸಿರುವ ಇತರರ ತಂತ್ರಾಂಶಗಳ ಪಟ್ಟಿ, ಅವುಗಳ ಪರವಾನಗಿ, ವಾರ್ಷಿಕ ಹಣ ಎಲ್ಲವನ್ನೂ ಮೊದಲೇ ಕೊಡಬೇಕು. ಕದ್ದ ಪ್ರತಿಗಳನ್ನು ತಿಳಿದೂ ಬಳಸುವುದು ಶಿಕ್ಷೆಗೆ ಗುರಿಯಾಗುವ ಅಪರಾಧ. ಆ ಹೊಣೆ ಸಂಘದ ಮೇಲೆ ಬರಬಾರದು.

6. ನವೀಕರಣದ ದರ ಎಷ್ಟರವರೆಗೆ ಏರಬಹುದು ಎಂಬ ಮಿತಿ ಇರಬೇಕು. ದರ ರೂಪಾಯಿಯಲ್ಲೋ ಡಾಲರಿನಲ್ಲೋ ಎಂಬುದು ಸ್ಪಷ್ಟವಾಗಿರಬೇಕು.

7. ಬಿಟ್ಟುಹೋಗುವುದಾದರೆ ಎರಡೂ ಕಡೆಗೆ ಮೂರು ತಿಂಗಳ ಮುನ್ಸೂಚನೆ. ಆ ಅವಧಿಯಲ್ಲಿ ಹೊಸಬರಿಗೆ ಎಲ್ಲವನ್ನೂ ಒಪ್ಪಿಸುವ ಹೊಣೆ.

8. ಕನ್ನಡ ಯುನಿಕೋಡಿನಲ್ಲೇ ಇರಬೇಕು. ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಸರಿಯಾಗಿ ನಡೆಯಬೇಕು.

ನಮ್ಮ ಸಲಹೆ

ಸಿದ್ಧವಾಗಿ ಸಿಗುವುದನ್ನು ಹೊಸದಾಗಿ ಮಾಡಿಸುವುದು ದಂಡದ ಖರ್ಚು. ಲೇಖನ, ಚಿತ್ರ, ಸೂಚನೆಗಳನ್ನು ಪ್ರಕಟಿಸುವ ಕೆಲಸ ಜಗತ್ತಿಗೆಲ್ಲ ಒಂದೇ. ಅದಕ್ಕೆ ಮುಕ್ತ ತಂತ್ರಾಂಶ ಸಾಕು. ನಮ್ಮ ಧಾರಣೆ ಪಟ್ಟಿ ಮಾತ್ರ ಬೇರೆ ಎಲ್ಲೂ ಸಿದ್ಧವಾಗಿ ಸಿಗದು. ಅಷ್ಟನ್ನು ಮಾತ್ರ ಹೇಳಿ ಮಾಡಿಸಬಹುದು. ನಮಗೆಲ್ಲ ಪಹಣಿ ಕೊಡುವ ಭೂಮಿ ಯೋಜನೆಯನ್ನು ನೆನೆಯಬಹುದು. ನಮ್ಮ ಭೂದಾಖಲೆಯ ಕ್ರಮಕ್ಕೆ ಹೊಂದುವುದು ಸಿದ್ಧವಾಗಿ ಸಿಗುವಂತಿರಲಿಲ್ಲ. ಆ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರೇ ಬರೆದರು; 2000ದ ಹೊತ್ತಿಗೆ ತಾಲ್ಲೂಕು ಕಛೇರಿಗಳಲ್ಲಿ ಕಂಪ್ಯೂಟರ್ ಪಹಣಿ ಬರತೊಡಗಿತು.

ಇನ್ನೂ ಒಂದು ವಿಚಾರವನ್ನು ಸದಸ್ಯರ ಮುಂದಿಡುತ್ತೇವೆ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ನಬಾರ್ಡಿನ ಪಾಲೂ ಇದೆ. ನಮ್ಮದು ಮಾರಾಟ ಸಂಘವಾದ್ದರಿಂದ ಅದರಲ್ಲಿ ನಮಗೆ ಜಾಗವಿಲ್ಲ. ಆದರೆ ಪ್ರತಿ ಸಂಘವೂ ತನ್ನಷ್ಟಕ್ಕೆ ಮಾಡಿಸುವುದಕ್ಕಿಂತ ಎಲ್ಲರೂ ಸೇರಿ ಒಂದನ್ನು ಮಾಡಿಸುವುದು ಲೇಸು ಎಂಬ ವಿವೇಕ ನಮಗೂ ಸಲ್ಲುತ್ತದೆ. ಧಾರಣೆ ಪಟ್ಟಿಯ ತಂತ್ರಾಂಶ ನಮಗೆ ಎಷ್ಟು ಬೇಕೋ ಅಕ್ಕಪಕ್ಕದ ಸಂಘಗಳಿಗೂ ಅಷ್ಟೇ ಬೇಕು. ನಾಲ್ಕು ಸಂಘಗಳು ಸೇರಿ ಮಾಡಿಸಿದರೆ ಖರ್ಚು ನಾಲ್ಕು ಪಾಲಾಗುತ್ತದೆ. ಹಕ್ಕುಸ್ವಾಮ್ಯವನ್ನು ಪೂರ್ತಿ ಬರೆಸಿಕೊಳ್ಳಲು ಹೆಚ್ಚಿನ ಹಣ ಕೊಡುವುದೂ ಆಗ ಭಾರವಾಗದು. ಅಡಿಕೆ ಬೆಲೆ ಕುಸಿದಾಗ ಒಬ್ಬೊಬ್ಬರೇ ನಿಂತರೆ ಆಗದೆಂದು ಕರ್ನಾಟಕ, ಕೇರಳದ ಬೆಳೆಗಾರರು ಕೂಡಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದನ್ನು ಇಲ್ಲಿ ನೆನಪಿಸಬೇಕಾದ್ದಿಲ್ಲ.

ಹಿರಿಯ ನಿರ್ದೇಶಕರ ಪ್ರಶ್ನೆಗೆ ನಮ್ಮ ಉತ್ತರ ಈಗ ಹೀಗಿದೆ. ಮೂವರು ಮಾರುತ್ತಿರುವುದು ಒಂದೇ ವಸ್ತುವಲ್ಲ. ಒಬ್ಬರು ದುಡಿಮೆಯನ್ನು, ಒಬ್ಬರು ಬಾಡಿಗೆಯ ಅನುಮತಿಯನ್ನು, ಒಬ್ಬರು ಕಾವಲನ್ನು ಮಾರುತ್ತಿದ್ದಾರೆ. ನಮ್ಮ ದಾಖಲೆ ನಮ್ಮಲ್ಲೇ ಉಳಿಯುವುದೋ ಇಲ್ಲವೋ ಎಂಬುದು ನಾವು ಒಪ್ಪಂದದಲ್ಲಿ ಏನನ್ನು ಬರೆಸುತ್ತೇವೆ ಎಂಬುದರ ಮೇಲೆ ನಿಂತಿದೆ.

ಮೂರು ದರಪಟ್ಟಿಗಳೂ ಒಪ್ಪಂದದ ಕರಡೂ ಕೇಂದ್ರ ಕಛೇರಿಯಲ್ಲಿ ಮತ್ತು ಯಶವಂತಪುರದ ಮಳಿಗೆಯಲ್ಲಿ ನೋಡಲು ಸಿಗುತ್ತವೆ. ಸದಸ್ಯರು ಓದಿ, ತಿದ್ದುಪಡಿಗಳಿದ್ದರೆ ಮಹಾಸಭೆಗೆ ಹದಿನೈದು ದಿನ ಮೊದಲು ಬರೆದು ತಿಳಿಸಬೇಕೆಂದು ಕೋರುತ್ತೇವೆ. ಅದುವರೆಗೆ ಯಶವಂತಪುರದ ಗುಮಾಸ್ತರ ಕೈಬರಹದ ಪುಸ್ತಕ ಮುಂದುವರಿಯುತ್ತದೆ. ಹೊಸ ವ್ಯವಸ್ಥೆ ಬಂದ ಮೇಲೂ ಅದನ್ನು ನಿಲ್ಲಿಸಬಾರದೆಂದು ನಾವು ಅವರಿಗೆ ಹೇಳಿದ್ದೇವೆ.

— ಕಾರ್ಯದರ್ಶಿ